ಕ್ಷಾಮಕಾಲದ ಧಾನ್ಯ: ಸಂಗ್ರಹವೂ ಸಾಗಣೆಯೂ

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಕೊಡಿಗೇಹಳ್ಳಿ ಎಂಬ ಊರಿರುವುದು. ಈಗ ಅದು ಮಹಾನಗರದೊಳಗೆ ಸೇರಿಹೋಗಿದೆ. ಯಲಹಂಕದ ಮೇಲೆ ಹಿಂದೂಪುರಕ್ಕೆ ಹೋಗುವ ರೈಲುಹಾದಿಯಲ್ಲಿ ಅದರ ಹೆಸರಿನ ನಿಲ್ದಾಣವೂ ಉಂಟು. ೧೮೭೬ನೆಯ ಇಸವಿಯಲ್ಲಿ ಈ ಹಾದಿ ಹುಟ್ಟಿರಲಿಲ್ಲ. ಆದರೆ ಜೋಲಾರಪೇಟೆಯಿಂದ ಹೊರಟ ಹಳಿ ೧೮೬೪ರಲ್ಲಿಯೇ ಬೆಂಗಳೂರು ದಂಡಿನ ನಿಲ್ದಾಣವನ್ನು ಬಂದು ಮುಟ್ಟಿದ್ದಿತು. ಆ ನಿಲ್ದಾಣಕ್ಕೂ ಕೊಡಿಗೇಹಳ್ಳಿಗೂ ಇರುವ ದೂರ ಸುಮಾರು ಆರು ಮೈಲಿ. ಅದೇ ನಿಲ್ದಾಣದಿಂದ ಚಿತ್ರದುರ್ಗಕ್ಕೆ ನೂರಿಪ್ಪತ್ತು ಮೈಲಿಗೂ ಮೇಲಾಗುವುದು. ಸುಭಿಕ್ಷಕಾಲದಲ್ಲಿ ಈ ವ್ಯತ್ಯಾಸ ಪ್ರಯಾಣದ ಆಯಾಸವನ್ನು ಮಾತ್ರ ಹೇಳುತ್ತದೆ. ದುರ್ಭಿಕ್ಷಕಾಲದಲ್ಲಿ ಇದೇ ವ್ಯತ್ಯಾಸ ಜೀವಮರಣಗಳ ವಿಷಯವಾಗುವುದು.

ವಿಪತ್ತಿಗಾಗಿ ಸಾಮಗ್ರಿಯನ್ನು ಕೂಡಿಡುವುದು ಒಂದು ಕೆಲಸ, ಕೂಡಿಟ್ಟುದನ್ನು ಹಸಿದವನ ಕೈಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಇವೆರಡೂ ಒಂದೇ ಎಂಬ ಭ್ರಮೆ ಹಿಂದಿನಿಂದಲೂ ಇದೆ, ಇಂದಿಗೂ ಹೋಗಿಲ್ಲ. ಕಣಜ ತುಂಬಿದರೆ ಕ್ಷಾಮ ದೂರವಾಯಿತೆಂದು ಅರಸರೂ ಅಧಿಕಾರಿಗಳೂ ನಂಬಿದರು; ಕಣಜಕ್ಕೂ ಬಾಯಿಗೂ ನಡುವಿನ ಹಾದಿಯನ್ನು ಯೋಚಿಸಿದವರು ಕಡಮೆ. ಮೈಸೂರು ಸಂಸ್ಥಾನವನ್ನು ಹಾಳುಗೆಡವಿದ ೧೮೭೬-೭೮ರ ಮಹಾಕ್ಷಾಮವನ್ನು ಮುಖ್ಯ ದೃಷ್ಟಾಂತವಾಗಿ ಇಟ್ಟುಕೊಂಡು ಈ ವಿಷಯವನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೧. ಹಗೇವು ಮತ್ತು ಕಣಜ

ಕನ್ನಡನಾಡಿನ ಒಕ್ಕಲಿಗನಿಗೆ ಧಾನ್ಯಸಂಗ್ರಹ ಹೊಸ ವಿದ್ಯೆಯಲ್ಲ. ಅದಕ್ಕೆ ಅವನ ಭಾಷೆಯಲ್ಲಿರುವ ಶಬ್ದಸಂಪತ್ತೇ ಸಾಕ್ಷಿ. ಮನೆಯೊಳಗಿನ ಕಣಜ, ಮಣ್ಣಿನ ವಾಡೆ, ಗುಡಾಣ, ನೆಲದೊಳಗಿನ ಹಗೇವು, ಇವುಗಳಲ್ಲಿ ಒಂದೊಂದರ ಪ್ರಯೋಜನವೂ ಬೇರೆ. ವಾಡೆ ಗುಡಾಣಗಳು ತಿಂಗಳುಗಳ ಮಾತು. ಕಣಜ ವರ್ಷದ ಮಾತು. ಹಗೇವು ವರ್ಷಾಂತರಗಳ ಮಾತು. ಹಗೇವಿಗೆ ಹಗೆ ಎಂಬ ರೂಪವೂ ಇದೆ. ವೈರ ಎಂಬ ಅರ್ಥದ ಹಗೆಯೊಡನೆ ಇದನ್ನು ಗಂಟುಹಾಕಬೇಕಾಗಿಲ್ಲ. ಅವೆರಡೂ ಬೇರೆ ಬೇರೆ ಶಬ್ದಗಳು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ೧೮೦೭ರಲ್ಲಿ ತನ್ನ ಪ್ರವಾಸಕಥನವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಇಂತಹ ಗುಳಿಗಳಲ್ಲಿ ಕಾಪಾಡುವ ರೂಢಿಯನ್ನು ಗಮನಿಸಿ ಬರೆದಿಟ್ಟಿದ್ದಾನೆ.

ಹಗೇವನ್ನು ನೀರು ಜಿನುಗದ ಗಟ್ಟಿನೆಲದಲ್ಲಿ ತೋಡುವರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಮೈಗೆ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣು ಮೆತ್ತುವರು. ಮುಚ್ಚಿದ ಗುಳಿಯೊಳಗೆ ಧಾನ್ಯವು ಉಸಿರಾಡಿ ಅಲ್ಲಿನ ಆಮ್ಲಜನಕವನ್ನು ಮುಗಿಸುವುದು. ಅದರ ಸ್ಥಾನದಲ್ಲಿ ಇಂಗಾಲಾಮ್ಲ ವಾಯು ತುಂಬಿಕೊಳ್ಳುವುದು. ಹುಳುವಿಗೆ ಅಲ್ಲಿ ಬಾಳುವೆಯಿಲ್ಲ. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ; ಇತರ ಧಾನ್ಯಗಳಿಗೆ ತಗಲುವಷ್ಟು ಬೇಗ ಇದಕ್ಕೆ ಕೀಟಬಾಧೆ ತಗಲುವುದಿಲ್ಲ. ಆದಕಾರಣ ಹಗೇವಿನ ರಾಗಿ ಹಲವು ವರ್ಷ ಕೆಡದೆ ಇರುವುದು. ತೆರೆಯುವಾಗ ಮಾತ್ರ ಎಚ್ಚರಿಕೆ ಬೇಕು. ಬಾಯಿ ತೆಗೆದು, ಕೆಟ್ಟಗಾಳಿ ಹೋಗುವ ತನಕ ಕಾದು, ದೀಪವನ್ನು ಇಳಿಸಿ ಅದು ಆರದಿದ್ದರೆ ಮಾತ್ರ ಮನುಷ್ಯನು ಇಳಿಯಬೇಕು. ಹುಳುವನ್ನು ಕೊಲ್ಲುವ ವಾಯುವೇ ಆತುರಗಾರನನ್ನೂ ಕೊಲ್ಲುವುದು.

ಧಾನ್ಯದಂತೆಯೇ ನೀರಿಗೂ ಸಂಗ್ರಹಸ್ಥಾನವಿದ್ದಿತು. ಅದೇ ಕೆರೆ. ಕೆರೆಯನ್ನು ಕಟ್ಟಿಸಿದವನಿಗೂ ಜೀರ್ಣೋದ್ಧಾರ ಮಾಡಿಸಿದವನಿಗೂ ಬಿಡುತ್ತಿದ್ದ ಭೂಮಿಗೆ ಕಟ್ಟುಕೊಡಗೆ ಎಂದು ಹೆಸರು. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಈ ಕೊಡಗೆ ಎಂಬ ಶಬ್ದಕ್ಕೆ ಕೊಡಿಗೆ ಎಂಬ ರೂಪವೂ ಇರುವುದರಿಂದ, ಬೆಂಗಳೂರಿನ ಸುತ್ತ ಒಂದಕ್ಕಿಂತ ಹೆಚ್ಚಾಗಿರುವ ಕೊಡಿಗೇಹಳ್ಳಿಗಳು ಹೀಗೆ ಬಿಟ್ಟ ಊರುಗಳಾಗಿರಬಹುದೆಂದು ಊಹಿಸಲು ಅವಕಾಶವಿದೆ. ಊಹೆ ನಿಲ್ಲಲಿ, ಬಿಡಲಿ, ಕೊಡಗೆಯ ಪದ್ಧತಿ ಮಾತ್ರ ಸ್ಪಷ್ಟವಾದ ಒಂದು ನೀತಿಯನ್ನು ತೋರಿಸುತ್ತದೆ. ವಿಪತ್ತು ಬರುವ ಮೊದಲೇ, ಊರಿನಲ್ಲಿಯೇ, ಊರವನ ಕೈಯಿಂದಲೇ ಸಿದ್ಧತೆ ನಡೆಯಬೇಕು; ಆ ಸಿದ್ಧತೆಯನ್ನು ಮಾಡಿದವನಿಗೆ ಅದರಿಂದ ಜೀವನವೂ ಆಗಬೇಕು.

೨. ಕೌಟಲ್ಯನ ಕೋಷ್ಠಾಗಾರ

ಊರಿನ ಹಗೇವಿನಿಂದ ರಾಜ್ಯದ ಉಗ್ರಾಣಕ್ಕೆ ಬರೋಣ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಪ್ರಕಟಪಡಿಸಿದ ಕೌಟಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ನಮಗೆ ದೊರೆಯುವ ಪ್ರಾಚೀನ ಗ್ರಂಥಗಳಲ್ಲಿ ಅತ್ಯಂತ ಖಚಿತವಾದುದು. ಅದರ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನ ಕರ್ತವ್ಯವನ್ನು ಹೇಳುವಾಗ ಎರಡು ವಿಧಿಗಳು ಬರುತ್ತವೆ. ಕೂಡಿಸಿದುದರಲ್ಲಿ ಅರ್ಧವನ್ನು ಜನಪದದವರ ಆಪತ್ತಿಗಾಗಿ ಎತ್ತಿಟ್ಟು, ಉಳಿದರ್ಧವನ್ನು ಉಪಯೋಗಿಸತಕ್ಕದ್ದು. ಹೊಸದು ಬಂದಂತೆ ಹಳೆಯದನ್ನು ತೆಗೆದು ಆ ಸ್ಥಳದಲ್ಲಿ ಹೊಸದನ್ನು ಇಡತಕ್ಕದ್ದು. ಮೊದಲನೆಯ ವಿಧಿ ಪ್ರಮಾಣವನ್ನು ಹೇಳುತ್ತದೆ, ಎರಡನೆಯದು ಕಾಲವನ್ನು. ಕೂಡಿಟ್ಟ ಪದಾರ್ಥಕ್ಕೆ ಆಯುಸ್ಸುಂಟು. ತಿರುವಿ ಹಾಕದೆ ಇಟ್ಟ ಧಾನ್ಯವು ಲೆಕ್ಕದ ಪುಸ್ತಕದಲ್ಲಿ ಮಾತ್ರ ಧಾನ್ಯವಾಗಿ ಉಳಿಯುವುದು.

ನಾಲ್ಕನೆಯ ಅಧಿಕರಣದಲ್ಲಿ ದುರ್ಭಿಕ್ಷದ ಪ್ರತೀಕಾರವನ್ನು ಹೇಳುವಾಗ ಕೌಟಲ್ಯನು ಒಂದೇ ಉಪಾಯಕ್ಕೆ ಕಟ್ಟುಬೀಳುವುದಿಲ್ಲ. ಬೀಜವನ್ನೂ ಆಹಾರವನ್ನೂ ಕೊಟ್ಟು ಪ್ರಜೆಗಳನ್ನು ಎತ್ತಿಹಿಡಿಯುವುದು, ಅನ್ನವನ್ನು ಕೂಲಿಯಾಗಿ ಕೊಟ್ಟು ಕೋಟೆ ಕಟ್ಟೆಗಳ ಕೆಲಸವನ್ನು ಮಾಡಿಸುವುದು, ಇದ್ದ ಆಹಾರವನ್ನು ಹಂಚುವುದು, ಮಿತ್ರರಾಜರ ನೆರವನ್ನು ಆಶ್ರಯಿಸುವುದು, ಬೆಳೆಯಿರುವ ಬೇರೆ ಸೀಮೆಗೆ ಜನರೊಡನೆ ಹೋಗುವುದು, ಇವೆಲ್ಲವನ್ನೂ ಅವನು ಎಣಿಸುತ್ತಾನೆ. ಇಂದಿನ ಅಂತರರಾಷ್ಟ್ರೀಯ ನೆರವು ಎಂಬುದರ ಬೀಜ ಮಿತ್ರರಾಜರನ್ನು ಆಶ್ರಯಿಸುವ ಆ ಮಾತಿನಲ್ಲಿದೆ ಎಂದರೆ ಅತಿಶಯೋಕ್ತಿಯಾಗದು. ಇಲ್ಲಿ ಗಮನಿಸಬೇಕಾದ ಇನ್ನೊಂದಂಶವಿದೆ. ಆಹಾರವು ಜನರ ಬಳಿಗೆ ಹೋಗಲಾರದಿದ್ದಾಗ ಜನರು ಆಹಾರದ ಬಳಿಗೆ ಹೋಗಬೇಕೆಂಬುದನ್ನು ಅವನು ಮುಚ್ಚಿಡದೆ ಹೇಳಿದ್ದಾನೆ. ಸಾಗಣೆಯ ಮಿತಿಯನ್ನು ಅವನು ಬಲ್ಲವನು.

ಶಾಸ್ತ್ರದಲ್ಲಿ ಹೇಳಿದ್ದು ಆಚರಣೆಯಲ್ಲಿಯೂ ಇದ್ದಿತೆಂಬುದಕ್ಕೆ ಶಾಸನಗಳು ಸಿಕ್ಕಿವೆ. ಗೋರಖಪುರದ ಸೀಮೆಯ ಸೋಹಗೌರಾ ತಾಮ್ರಶಾಸನವು ಕೋಷ್ಠಾಗಾರಗಳನ್ನೂ ಅವುಗಳನ್ನು ಆಪತ್ತಿನಲ್ಲಿ ಬಳಸುವುದನ್ನೂ ಕುರಿತದ್ದು. ಬಂಗಾಳದ ಮಹಾಸ್ಥಾನದಲ್ಲಿ ೧೯೩೧ರಲ್ಲಿ ದೊರೆತ ಶಿಲಾಶಾಸನವು ಸಂಕಟಕಾಲದಲ್ಲಿ ಧಾನ್ಯವನ್ನು ಕೊಡಿಸಿ, ಸುಭಿಕ್ಷ ಬಂದ ಮೇಲೆ ಉಗ್ರಾಣವನ್ನು ಮತ್ತೆ ತುಂಬಿಸುವ ವ್ಯವಸ್ಥೆಯನ್ನು ಹೇಳುವುದೆಂದು ವಿದ್ವಾಂಸರು ಅರ್ಥಮಾಡಿದ್ದಾರೆ.

೩. ಧಾತು-ಈಶ್ವರ ಸಂವತ್ಸರಗಳು

ಇಷ್ಟು ಹಳೆಯ ಸಂಪ್ರದಾಯವಿದ್ದ ನಾಡಿನಲ್ಲಿ ೧೮೭೬-೭೮ರ ಅನಾಹುತ ಹೇಗೆ ನಡೆಯಿತು? ಜನರು ಈ ಬರವನ್ನು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರದ ಬರವೆಂದು ಕರೆದರು. ೧೮೭೫ರಲ್ಲಿ ಮಳೆ ಕೊರತೆಯಾಯಿತು. ೧೮೭೬ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ೧೮೭೭ರ ಸೆಪ್ಟೆಂಬರಿನ ತನಕ ನೆಮ್ಮದಿ ಸಿಕ್ಕಲಿಲ್ಲ. ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨; ೧೮೮೧ರ ಗಣತಿಯಲ್ಲಿ ೪೧,೮೬,೧೮೮. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ೮,೬೯,೨೨೪ರಷ್ಟು ಕುಗ್ಗಿತು. ಇದರಲ್ಲಿ ವಲಸೆ ಹೋದವರೂ ಹುಟ್ಟದೇ ಹೋದ ಮಕ್ಕಳೂ ಸೇರಿರುವುದರಿಂದ ಇದನ್ನೇ ಮರಣಸಂಖ್ಯೆಯೆಂದು ಹೇಳಲಾಗದು. ಆದರೂ ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದರೆಂಬುದು ಅಂದಿನಿಂದ ಬಂದ ಅಂದಾಜು. ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳ ಕನ್ನಡಿಗರ ಪಾಡು ಇದರ ಮೇಲೆ.

ಹಗೇವುಗಳು ಏಕೆ ಕಾಪಾಡಲಿಲ್ಲವೆಂದು ಕೇಳಬಹುದು. ಅವು ಕಾಪಾಡಿದವು, ಆದರೆ ತಮ್ಮ ಶಕ್ತಿಯಿದ್ದಷ್ಟು ದಿನ ಮಾತ್ರ. ಒಂದು ಊರಿನ ಬೆಳೆ ಹೋದಾಗ ನೆರೆಯೂರಿನ ಹಗೇವು ಒದಗುವುದು. ನಾಡಿಗೆ ನಾಡೇ ಒಂದೇ ಕಾಲದಲ್ಲಿ ಒಣಗಿದಾಗ ಎಲ್ಲ ಹಗೇವುಗಳೂ ಒಟ್ಟಿಗೆ ಬರಿದಾಗುವುವು. ಮೊದಲನೆಯ ವರ್ಷದ ಕೊರತೆಯನ್ನು ನುಂಗಿದ ಗುಳಿಯಲ್ಲಿ ಎರಡನೆಯ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಇನ್ನೊಂದು ಮಾತು: ಹಗೇವು ಇದ್ದವನು ಒಕ್ಕಲಿಗ. ನೇಕಾರನಿಗೂ ಕೂಲಿಯಾಳಿಗೂ ಹಗೇವಿರಲಿಲ್ಲ. ಅವರಿಗೆ ದಿನದ ಕೂಲಿಯೇ ಕಣಜ. ಕ್ಷಾಮದಲ್ಲಿ ಧಾನ್ಯದ ಬೆಲೆ ಏರುವುದು, ಕೂಲಿಯ ಬೆಲೆ ಇಳಿಯುವುದು. ಈ ಎರಡು ಬೆಲೆಗಳ ನಡುವೆ ಮೊದಲು ಸಿಕ್ಕಿಬಿದ್ದವರು ಅವರೇ.

ಆದಕಾರಣ ಹೊರಗಿನ ಧಾನ್ಯ ಬರಲೇಬೇಕಾಗಿದ್ದಿತು. ೧೮೭೬ರ ಕೊನೆಯಲ್ಲಿ ಮದರಾಸು ಸರಕಾರವು ಸುಮಾರು ೩೦,೦೦೦ ಟನ್ ಧಾನ್ಯವನ್ನು ತಾನೇ ಕೊಂಡು ಸಂಗ್ರಹಿಸಲು ಹೊರಟಿತು. ವ್ಯಾಪಾರದ ನಡುವೆ ಸರಕಾರ ಕೈಹಾಕಕೂಡದೆಂದು ಭಾರತ ಸರಕಾರವು ಅದನ್ನು ತಡೆಯಿತು. ಅಲ್ಲಿಂದ ಮುಂದೆ ಧಾನ್ಯವನ್ನು ತರುವ ಭಾರವೆಲ್ಲ ವರ್ತಕರ ಮೇಲೆ ಬಿದ್ದಿತು. ವರ್ತಕರು ತಂದರು, ತರಲಿಲ್ಲವೆಂದು ಹೇಳುವುದು ಅನ್ಯಾಯ. ರೈಲಿನಲ್ಲಿ ಬೆಂಗಳೂರಿಗೆ ಮೂಟೆಗಳು ಬಂದು ಬಿದ್ದವು. ಆದರೆ ಆ ರೈಲು ಬೆಂಗಳೂರಿನಲ್ಲಿಯೇ ಮುಗಿಯುತ್ತಿದ್ದಿತು. ತುಮಕೂರಿಗಾಗಲಿ, ಮೈಸೂರಿಗಾಗಲಿ, ಚಿತ್ರದುರ್ಗಕ್ಕಾಗಲಿ, ಹಾಸನಕ್ಕಾಗಲಿ ಅಲ್ಲಿಂದ ಮುಂದೆ ಎತ್ತಿನ ಗಾಡಿಯೊಂದೇ ಗತಿ.

೪. ಗಾಡಿಯ ಲೆಕ್ಕ

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡುವುದು ಉಪಯುಕ್ತ. ೧೮೭೭ರ ಮೇ ತಿಂಗಳಲ್ಲಿ ಸಂಸ್ಥಾನದ ಗಂಜಿಕೇಂದ್ರಗಳಲ್ಲಿ ಉಣ್ಣುತ್ತಿದ್ದವರು ಸುಮಾರು ಒಂದು ಲಕ್ಷ. ಆಗಸ್ಟಿನ ಹೊತ್ತಿಗೆ ಆ ಸಂಖ್ಯೆ ೨,೨೭,೦೦೦ಕ್ಕೆ ಏರಿತು. ಇವರಲ್ಲದೆ ಸುಮಾರು ೬೦,೦೦೦ ಜನ ಮೈಸೂರಿನ ರೈಲುಹಾದಿಯ ಕೆಲಸದಲ್ಲಿಯೂ ೨೦,೦೦೦ ಜನ ಇತರ ಕಾಮಗಾರಿಗಳಲ್ಲಿಯೂ ಇದ್ದರು. ಗಂಜಿಕೇಂದ್ರದವರನ್ನು ಮಾತ್ರ ತೆಗೆದುಕೊಂಡು, ತಲೆಗೆ ದಿನಕ್ಕೆ ಒಂದು ಪೌಂಡು ಧಾನ್ಯವೆಂದಿಟ್ಟುಕೊಳ್ಳೋಣ. ದಿನವೊಂದಕ್ಕೆ ನೂರು ಟನ್ನಿಗೆ ಸ್ವಲ್ಪ ಮೇಲಾಗುವುದು. ಒಂದು ಜೊತೆ ಎತ್ತಿನ ಗಾಡಿ ಅರ್ಧ ಟನ್ ಹೊರುವುದಾದರೆ ದಿನಕ್ಕೆ ಇನ್ನೂರು ಗಾಡಿ ಬಂದು ಇಳಿಸಬೇಕು.

ಈಗ ದೂರವನ್ನು ಸೇರಿಸೋಣ. ಕೊಡಿಗೇಹಳ್ಳಿಗೆ ಹೋದ ಗಾಡಿ ನಿಲ್ದಾಣಕ್ಕೆ ಅದೇ ದಿನ ಹಿಂದಿರುಗುವುದು. ನೂರಿಪ್ಪತ್ತು ಮೈಲಿಯ ಊರಿಗೆ ಹೋದ ಗಾಡಿ, ದಿನಕ್ಕೆ ಹದಿನೈದು ಮೈಲಿ ನಡೆದರೂ, ಹೋಗಲು ಎಂಟು ದಿನ, ಬರಲು ಎಂಟು ದಿನ. ಎಲ್ಲ ಧಾನ್ಯವೂ ಅಷ್ಟು ದೂರ ಹೋಗಬೇಕಾಗಿದ್ದರೆ ಹಾದಿಯ ಮೇಲೆ ಸದಾ ಮೂರು ಸಾವಿರದ ಇನ್ನೂರು ಗಾಡಿ, ಆರು ಸಾವಿರದ ನಾಲ್ಕುನೂರು ಎತ್ತು ಇರಬೇಕಾಗುವುದು. ಇದು ದೃಷ್ಟಾಂತದ ಲೆಕ್ಕ. ಎಲ್ಲ ಕೇಂದ್ರಗಳೂ ಅಷ್ಟು ದೂರದಲ್ಲಿರಲಿಲ್ಲ. ಆದರೆ ದೂರ ಹೆಚ್ಚಿದಂತೆ ಬೇಕಾಗುವ ಗಾಡಿಗಳೂ ಅದೇ ಪ್ರಮಾಣದಲ್ಲಿ ಹೆಚ್ಚುವುವೆಂಬುದು ಇದರಿಂದ ತಿಳಿಯುವುದು.

ಅಷ್ಟು ಎತ್ತುಗಳು ನಾಡಿನಲ್ಲಿ ಇರಲಿಲ್ಲವೆ? ಸುಭಿಕ್ಷದಲ್ಲಿ ಧಾರಾಳವಾಗಿದ್ದವು. ಆದರೆ ಮನುಷ್ಯನ ಧಾನ್ಯವನ್ನು ಒಣಗಿಸಿದ ಬಿಸಿಲು ಎತ್ತಿನ ಹುಲ್ಲನ್ನೂ ಒಣಗಿಸಿದ್ದಿತು. ಬರಗಾಲದಲ್ಲಿ ದನಗಳು ಜನರಿಗಿಂತ ಮೊದಲು ಸಾಯುವುವು. ಉಳಿದ ಎತ್ತುಗಳಿಗೆ ದಾರಿಯಲ್ಲಿ ಮೇವಿಲ್ಲ, ಕೆರೆಗಳಲ್ಲಿ ನೀರಿಲ್ಲ. ಮೇವನ್ನೂ ಗಾಡಿಯಲ್ಲೇ ಹೇರಿಕೊಂಡು ಹೋದರೆ ಧಾನ್ಯಕ್ಕೆ ಎಡೆ ಕಡಮೆ. ವಿಪತ್ತಿಗೆ ಪರಿಹಾರವನ್ನು ಹೊರಬೇಕಾದ ಸಾಧನವು ಆ ವಿಪತ್ತಿಗೇ ತುತ್ತಾಗಿ ಹೋಯಿತು. ಸಾಗಣೆಯ ಶಾಸ್ತ್ರದಲ್ಲಿ ಇದಕ್ಕಿಂತ ಮುಖ್ಯವಾದ ಪಾಠವಿಲ್ಲವೆಂದು ನಮ್ಮ ಅಭಿಪ್ರಾಯ. ಸಂಗ್ರಹವನ್ನು ಮಾಡುವವನು ಧಾನ್ಯವೆಷ್ಟು ಎಂದು ಕೇಳಿದರೆ ಸಾಲದು. ಅದನ್ನು ಹೊರುವುದು ಯಾವುದು, ಆ ವಿಪತ್ತಿನಲ್ಲಿ ಅದು ಉಳಿದಿರುವುದೆ ಎಂದೂ ಕೇಳಬೇಕು.

೫. ಹಣವೂ ಪಟ್ಟಿಯೂ

ದೂರದ ನೆರವು ಬಾರದೆ ಇರಲಿಲ್ಲ. ೧೮೭೭ರ ಆಗಸ್ಟಿನಲ್ಲಿ ಮದರಾಸಿನಿಂದ ಹೊರಟ ಮೊರೆಗೆ ಲಂಡನ್ನಿನ ಮೇಯರನು ಮ್ಯಾನ್ಷನ್ ಹೌಸಿನಲ್ಲಿ ನಿಧಿಯನ್ನು ತೆರೆದನು. ಹಲವು ಲಕ್ಷ ಪೌಂಡುಗಳು ಕೂಡಿದವು. ಆ ನಿಧಿಯ ಕಾರ್ಯದರ್ಶಿಯಾಗಿದ್ದ ಪತ್ರಿಕಾಕರ್ತ ವಿಲಿಯಂ ಡಿಗ್ಬಿಯು ೧೮೭೮ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ಕ್ಷಾಮವೃತ್ತಾಂತದಲ್ಲಿ ಮೈಸೂರಿನ ಸಂಗತಿಯೂ ಸೇರಿದೆ. ಸಮುದ್ರದಾಚೆಯಿಂದ ಬಂದದ್ದು ಧಾನ್ಯವಲ್ಲ, ಹಣ. ತಂತಿಯ ಮೂಲಕ ಮೊರೆ ಹೋಗಲು ಗಂಟೆಗಳು ಸಾಕು, ಹಣದ ಹುಂಡಿ ಬರಲು ದಿನಗಳು ಸಾಕು. ಆ ಹಣದಿಂದ ಕೊಂಡ ಧಾನ್ಯ ಮಾತ್ರ ಎತ್ತಿನ ವೇಗದಲ್ಲಿಯೇ ಹೋಗಬೇಕಾಗಿದ್ದಿತು. ಆದರೂ ಆ ನಿಧಿಯ ಒಂದು ವಿನಿಯೋಗವು ಸ್ಮರಣೀಯ. ಮಳೆ ಬಂದ ಮೇಲೆ ರೈತರಿಗೆ ಬಿತ್ತನೆಯ ಬೀಜಕ್ಕೂ ಎತ್ತಿಗೂ ಅದರಿಂದ ಹಣ ದೊರೆಯಿತು. ಬೀಜವನ್ನೂ ಅನ್ನವನ್ನೂ ಜೊತೆಗೂಡಿಸಿ ಹೇಳಿದ ಕೌಟಲ್ಯನ ಮಾತು ಇಲ್ಲಿ ನೆನಪಾಗುವುದು. ಇಂದಿನ ಹಸಿವಿಗೆ ಅನ್ನ ಹೇಗೋ ಹಾಗೆ ಮುಂದಿನ ವರ್ಷದ ಹಸಿವಿಗೆ ಬೀಜ.

ಧಾನ್ಯವು ಜಿಲ್ಲೆಯ ಊರನ್ನು ಸೇರಿತೆಂದೇ ಭಾವಿಸೋಣ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಯಾರಿಗೆ ಕೊಡಬೇಕು? ಎಷ್ಟು ಕೊಡಬೇಕು? ಹಸಿ ಧಾನ್ಯವನ್ನೇ ಕೊಡಬೇಕೆ, ಅಟ್ಟ ಅನ್ನವನ್ನೆ? ಕೆಲಸಕ್ಕೆ ಬಂದವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಕೆಂದು ರಿಚರ್ಡ್ ಟೆಂಪಲ್ ಗೊತ್ತುಮಾಡಿದನು. ಅದು ದುಡಿಯುವ ದೇಹವನ್ನು ಉಳಿಸಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದನು. ಅಟ್ಟ ಅನ್ನವನ್ನು ಕೊಟ್ಟರೆ ಮೋಸ ಕಡಮೆ, ಏಕೆಂದರೆ ಹಸಿಯದವನು ಗಂಜಿಗೆ ಬರುವುದಿಲ್ಲ. ಆದರೆ ಜಾತಿಮರ್ಯಾದೆಗೆ ಅಂಜಿ ಗಂಜಿಕೇಂದ್ರಕ್ಕೆ ಬಾರದೆ ಮನೆಯಲ್ಲಿಯೇ ಮಡಿದವರೂ ಇದ್ದರು. ಹಸಿ ಧಾನ್ಯವನ್ನು ಕೊಟ್ಟರೆ ಮಾನ ಉಳಿಯುವುದು. ಆದರೆ ರಾಗಿಗೆ ಬೀಸುವ ಕಲ್ಲು ಬೇಕು, ಸೌದೆ ಬೇಕು, ನೀರು ಬೇಕು, ಬೀಸುವ ತೋಳಿನಲ್ಲಿ ಕಸುವೂ ಬೇಕು.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಬೇರೊಂದು. ನೆರವನ್ನು ಊರಿಗೆ ಕಳುಹಿಸುವುದಕ್ಕೆ ಬದಲಾಗಿ ಊರನ್ನೇ ನೆರವಿನ ಬಳಿಗೆ ಕರೆಸಿಕೊಂಡದ್ದು. ಹಸಿದ ಜನ ಮನೆ ಹೊಲಗಳನ್ನು ಬಿಟ್ಟು ಕಾಮಗಾರಿಗಳಿಗೂ ಪಟ್ಟಣಗಳಿಗೂ ನಡೆದರು. ನಡೆಯಲಾರದವರು ದಾರಿಯಲ್ಲಿ ಬಿದ್ದರು. ಮುಟ್ಟಿದವರು ಕಿಕ್ಕಿರಿದ ಗುಡಿಸಲುಗಳಲ್ಲಿ ಕಾಲರಾ ಮುಂತಾದ ಬೇನೆಗಳಿಗೆ ಸಿಕ್ಕಿದರು. ೧೮೭೭ರಲ್ಲಿ ಮೈಸೂರಿಗೆ ಕ್ಷಾಮಾಧಿಕಾರಿಯಾಗಿ ಬಂದ ಚಾರ್ಲ್ಸ್ ಎಲಿಯಟನು ಮುಂದೆ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದನು. ಆ ಆಯೋಗದ ೧೮೮೦ರ ವರದಿಯೂ ಅದರಿಂದ ಹುಟ್ಟಿದ ೧೮೮೩ರ ಕ್ಷಾಮಸಂಹಿತೆಯೂ ಊರೂರಿನಲ್ಲಿ ಪಟ್ಟಿ ಮಾಡುವ ಕ್ರಮವನ್ನು ಮುಂದಿಟ್ಟವು. ಸೀಮೆಯನ್ನು ವೃತ್ತಗಳಾಗಿ ವಿಂಗಡಿಸಿ, ದುಡಿಯಲಾರದ ಮುದುಕರು, ರೋಗಿಗಳು, ಅನಾಥರು ಯಾರೆಂಬುದನ್ನು ಊರಿನ ಅಧಿಕಾರಿಗಳಿಂದಲೇ ಬರೆಯಿಸಿ, ಅವರ ಪಾಲನ್ನು ಅವರ ಊರಿನಲ್ಲಿಯೇ ಕೊಡತಕ್ಕದ್ದೆಂಬ ನಿಯಮವು ಅಷ್ಟು ಪ್ರಾಣಗಳ ಬೆಲೆಗೆ ಕಲಿತದ್ದು. ಸಂಸ್ಥಾನಕ್ಕೆ ಆದ ದ್ರವ್ಯನಷ್ಟವೂ ಸಾಮಾನ್ಯವಲ್ಲ. ೧೮೮೧ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿದಾಗ ೮೦ ಲಕ್ಷ ರೂಪಾಯಿಗಳ ಸಾಲವೂ ಅದರೊಡನೆ ಬಂದಿತು.

ಹಾದಿಗಳು ಆಮೇಲೆ ಬಂದವು. ಬೆಂಗಳೂರು-ಮೈಸೂರು ರೈಲು ೧೮೮೨ರಲ್ಲಿ ಪೂರ್ಣವಾಯಿತು. ತುಮಕೂರಿಗೆ ೧೮೮೪ರಲ್ಲಿ, ಹರಿಹರಕ್ಕೆ ೧೮೮೯ರಲ್ಲಿ ಹಳಿ ಮುಟ್ಟಿತು. ಕೊಡಿಗೇಹಳ್ಳಿಯ ಮಗ್ಗುಲಲ್ಲಿ ಯಲಹಂಕದ ಮೇಲೆ ಹಿಂದೂಪುರದ ಕಡೆಗೆ ಹೋಗುವ ಹಾದಿ ೧೮೯೦ರ ದಶಕದ ಆರಂಭದಲ್ಲಿ ತೆರೆಯಿತು. ಕ್ಷಾಮದ ವರ್ಷಗಳಲ್ಲಿ ಕೂಲಿಗೆ ಬಂದವರು ಅಗೆದ ಮಣ್ಣಿನ ಮೇಲೆಯೇ ಮೈಸೂರಿನ ರೈಲು ಓಡಿತೆಂಬುದನ್ನು ಪ್ರಯಾಣಿಕರು ಅರಿತಿರುವುದು ಕಡಮೆ.

೬. ಇಂದಿನ ಉಗ್ರಾಣಗಳು

ಈ ವಿಚಾರ ಹಳೆಯ ಕಥೆಯಾಗಿ ಮುಗಿಯಲಿಲ್ಲ. ಇಂದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವು ನಡೆಯಿಸುವ ತುರ್ತು ಉಗ್ರಾಣಗಳ ಒಂದು ಸಾಲೇ ಇದೆ. ೨೦೦೦ದಲ್ಲಿ ಇಟಲಿಯ ಬ್ರಿಂಡಿಸಿಯಲ್ಲಿ ಮೊದಲಾದ ಈ ಪದ್ಧತಿ ದುಬೈ, ಅಕ್ರಾ, ಪನಾಮಾ, ಮಲೇಶಿಯಾಗಳಿಗೆ ಹಬ್ಬಿತು. ಡೇರೆ, ಕಂಬಳಿ, ನೀರು ಶುದ್ಧಿಮಾಡುವ ಯಂತ್ರ, ಔಷಧದ ಪೆಟ್ಟಿಗೆ, ಪುಷ್ಟಿಕರವಾದ ಬಿಸ್ಕತ್ತು ಮೊದಲಾದವನ್ನು ಬಂದರು, ವಿಮಾನನಿಲ್ದಾಣಗಳ ಬಳಿಯಲ್ಲಿ ಕೂಡಿಟ್ಟು, ಎಲ್ಲಿ ವಿಪತ್ತೊದಗಿದರೂ ಬೇಗನೆ ಹೊರಡಿಸುವುದು ಇದರ ಉದ್ದೇಶ. ಕೌಟಲ್ಯನ ಎರಡು ವಿಧಿಗಳೂ ಇಲ್ಲಿಗೆ ಅನ್ವಯಿಸುವುವು. ಆಪತ್ತಿನ ಪಾಲನ್ನು ಬೇರೆಯಾಗಿ ಇಡಬೇಕು. ಔಷಧಕ್ಕೂ ಆಹಾರಕ್ಕೂ ಅವಧಿ ಇರುವುದರಿಂದ ಹೊಸದರಿಂದ ಹಳೆಯದನ್ನು ತೊಲಗಿಸುತ್ತಿರಬೇಕು.

ಮೈಸೂರೂ ಈ ಕಾರ್ಯದಲ್ಲಿ ಪಾಲ್ಗೊಂಡಿದೆ. ೧೯೫೦ರಲ್ಲಿ ಅಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ೨೦೧೫ರಲ್ಲಿ ನೇಪಾಳದ ಭೂಕಂಪಕ್ಕೂ ೨೦೧೮ರಲ್ಲಿ ಕೇರಳದ ನೆರೆಗೂ ಸಿದ್ಧಾಹಾರದ ಪೊಟ್ಟಣಗಳನ್ನು ಮಾಡಿ ಕಳುಹಿಸಿತು. ಸೌದೆಯಿಲ್ಲದೆ, ಬೀಸುವ ಕಲ್ಲಿಲ್ಲದೆ, ಪೊಟ್ಟಣವನ್ನು ಬಿಚ್ಚಿದೊಡನೆ ತಿನ್ನಬಹುದಾದ ಆಹಾರವದು. ೧೮೭೭ರಲ್ಲಿ ಅಟ್ಟ ಅನ್ನವೋ ಹಸಿ ಧಾನ್ಯವೋ ಎಂದು ಎದ್ದಿದ್ದ ವಿವಾದಕ್ಕೆ, ಮೊದಲ ಕೆಲವು ದಿನಗಳ ಮಟ್ಟಿಗೆ, ಇದನ್ನು ಸಮಾಧಾನವೆಂದು ಹೇಳಬಹುದು.

ಆದರೆ ಹಾದಿಯ ತೊಡಕು ಉಳಿದೇ ಇದೆ. ೨೦೧೫ನೆಯ ಏಪ್ರಿಲ್ ೨೫ರಂದು ನೇಪಾಳ ನಡುಗಿದಾಗ ಕಾಠಮಂಡುವಿನ ವಿಮಾನನಿಲ್ದಾಣಕ್ಕೆ ಇದ್ದ ಓಟದ ಹಾದಿ ಒಂದೇ. ಅದು ಹಾನಿಗೊಂಡು ದೊಡ್ಡ ವಿಮಾನಗಳನ್ನು ಮೇ ತಿಂಗಳ ಮೊದಲಲ್ಲಿ ತಡೆಯಬೇಕಾಯಿತು. ನಿಲ್ದಾಣದಿಂದ ಬೆಟ್ಟದ ಹಳ್ಳಿಗಳಿಗೆ ಸಾಮಗ್ರಿ ಮುಟ್ಟಿದ್ದು ಕೊನೆಗೆ ಹೊರೆಯಾಳುಗಳ ಬೆನ್ನಿನ ಮೇಲೆ. ೨೦೧೦ನೆಯ ಜನವರಿಯಲ್ಲಿ ಹೈತಿಯ ಭೂಕಂಪವಾದಾಗ ಪೋರ್ಟ್-ಔ-ಪ್ರಿನ್ಸಿನ ಬಂದರು ಮುರಿದುಬಿದ್ದು, ವಿಮಾನನಿಲ್ದಾಣವೊಂದೇ ಲೋಕದ ನೆರವನ್ನೆಲ್ಲ ಹೊರಲಾರದೆ ಹೋಯಿತು. ಧಾತು ಸಂವತ್ಸರದಲ್ಲಿ ಎತ್ತುಗಳಿಗೆ ಆದದ್ದೇ ಇಲ್ಲಿ ಬಂದರಿಗೂ ಓಟದ ಹಾದಿಗೂ ಆಯಿತು.

ಬೇಡದ ಸಾಮಗ್ರಿಯೂ ಒಂದು ಪೀಡೆಯೇ. ೨೦೦೪ನೆಯ ಡಿಸೆಂಬರ್ ೨೬ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಯಲ್ಲಿ ದಾನವಾಗಿ ಬಂದ ಹಳೆಯ ಬಟ್ಟೆಗಳು ರಾಶಿರಾಶಿಯಾಗಿ ರಸ್ತೆಯ ಬದಿಯಲ್ಲಿ ಬಿದ್ದಿದ್ದವು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಅದನ್ನು ಇಳಿಸಲು, ವಿಂಗಡಿಸಲು, ಕೊನೆಗೆ ಎಸೆಯಲು ಬೇಕಾದ ಕೈಗಳು, ಲಾರಿಗಳು, ಜಾಗ, ಎಲ್ಲವೂ ಅನ್ನ ನೀರುಗಳ ಪಾಲಿನಿಂದಲೇ ಕಡಿದುಕೊಂಡವು. ೧೮೭೭ರ ನಿಧಿಯಂತೆ ಹಣವನ್ನು ಕಳುಹಿಸಿ, ಹತ್ತಿರದಲ್ಲಿ ಸಿಕ್ಕುವುದನ್ನು ಹತ್ತಿರದಲ್ಲಿಯೇ ಕೊಳ್ಳುವುದು ಮೇಲೆಂದು ಇಂದಿನ ಅನುಭವಿಗಳು ಹೇಳುವುದು ಈ ಕಾರಣದಿಂದ.

ಬೆಂಗಳೂರಿನವರು ಇದನ್ನು ತಮ್ಮ ಕಣ್ಣಿನಿಂದಲೇ ಕಂಡದ್ದು ೨೦೨೧ರಲ್ಲಿ. ಮಹಾಮಾರಿಯ ಎರಡನೆಯ ಅಲೆಯಲ್ಲಿ ಉಸಿರಿಗಾಗಿ ಜನ ತತ್ತರಿಸುತ್ತಿದ್ದಾಗ ಪೂರ್ವದೇಶದ ಉಕ್ಕಿನ ಕಾರ್ಖಾನೆಗಳಲ್ಲಿ ಆಮ್ಲಜನಕ ತಯಾರಾಗುತ್ತಿದ್ದಿತು. ಶೂನ್ಯಕ್ಕಿಂತ ೧೮೩ ಡಿಗ್ರಿ ಕೆಳಗಿನ ಶೈತ್ಯದಲ್ಲಿ ದ್ರವವಾಗಿರುವ ಅದನ್ನು ಸಾಗಿಸಲು ವಿಶೇಷವಾದ ಕೊಪ್ಪರಿಗೆಗಳು ಬೇಕು. ಅವು ಸಾಕಷ್ಟಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಝಾರ್ಖಂಡದ ಟಾಟಾನಗರದಿಂದ ವೈಟ್‌ಫೀಲ್ಡಿಗೆ ಆಮ್ಲಜನಕದ ರೈಲು ಬಂದಾಗ ನಗರವು ನಿಟ್ಟುಸಿರು ಬಿಟ್ಟಿತು. ರೈಲು ಇಳಿಸಿದ ಮೇಲೆ ಮತ್ತೆ ಲಾರಿ, ಲಾರಿಯ ಮೇಲೆ ಮತ್ತೆ ಆಸ್ಪತ್ರೆಯ ಕೊಳವೆ. ನೂರ ನಲವತ್ತನಾಲ್ಕು ವರ್ಷಗಳ ಹಿಂದೆ ಅದೇ ನಗರದ ನಿಲ್ದಾಣದಲ್ಲಿ ಮೂಟೆಗಳು ಗಾಡಿಗಾಗಿ ಕಾದಿದ್ದವು.

೭. ಉಪಸಂಹಾರ

ಮೇಲೆ ಹೇಳಿದುದನ್ನು ಸಂಗ್ರಹಿಸುವುದಾದರೆ, ಆಪತ್ಕಾಲದ ರಕ್ಷಣೆ ಮೂರು ಮೆಟ್ಟಲುಗಳಲ್ಲಿ ನಿಲ್ಲಬೇಕು. ಮೊದಲನೆಯದು ಊರಿನ ಸಂಗ್ರಹ. ಹಾದಿ ಕಡಿದುಹೋದ ಮೊದಲ ದಿನಗಳಲ್ಲಿ ಅದೊಂದೇ ಆಧಾರ. ಅದು ಸಣ್ಣದಾದರೂ ಕೈಗೆ ಹತ್ತಿರ. ಎರಡನೆಯದು ದೂರದ ದೊಡ್ಡ ಉಗ್ರಾಣ. ಇಡೀ ಸೀಮೆಯೇ ಒಣಗಿದಾಗ ಅಥವಾ ಮುಳುಗಿದಾಗ ಅದು ಬೇಕು. ಆದರೆ ಅದರ ಜೊತೆಗೆ ಆ ವಿಪತ್ತಿಗೆ ಸಿಕ್ಕದ ವಾಹನವೂ ಹಾದಿಯೂ ಇರಬೇಕು. ಮೂರನೆಯದು ಪಟ್ಟಿ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದನ್ನು ಬಲ್ಲ ಊರಿನವನು ಇಲ್ಲದಿದ್ದರೆ ಬಂದ ಧಾನ್ಯವೂ ಗಟ್ಟಿದನಿಯವನ ಪಾಲಾಗುವುದು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಉಳಿದೆರಡರ ಶ್ರಮ ವ್ಯರ್ಥ. ಮೈಸೂರಿನಲ್ಲಿ ಮೊದಲನೆಯದು ಒಂದು ವರ್ಷಕ್ಕೆ ಮುಗಿಯಿತು, ಎರಡನೆಯದಕ್ಕೆ ಹಾದಿಯಿರಲಿಲ್ಲ, ಮೂರನೆಯದು ಹತ್ತು ಲಕ್ಷ ಜನ ಹೋದಮೇಲೆ ಬರೆಯಲ್ಪಟ್ಟಿತು.

ಸಾಹಿತ್ಯದ ಉಪಾಧ್ಯಾಯರಲ್ಲಿ ಒಂದು ಪ್ರಾರ್ಥನೆಯಿದೆ. ಹಗೇವು, ವಾಡೆ, ಗುಡಾಣ, ಕೊಳಗ, ಖಂಡುಗ, ಕಟ್ಟುಕೊಡಗೆ ಮೊದಲಾದ ಮಾತುಗಳು ಇಂದಿನ ಮಕ್ಕಳಿಗೆ ನಿಘಂಟಿನ ಮಾತುಗಳಾಗುತ್ತಿವೆ. ಕೊಡಿಗೇಹಳ್ಳಿಯಂತೆ ನಗರವಾಗಿಹೋದ ಊರುಗಳಲ್ಲಿ ಮುಚ್ಚಿದ ಗುಳಿಯ ಮೇಲೆ ಮನೆ ಎದ್ದಿದ್ದರೂ ತಿಳಿಯುವವರಿಲ್ಲ. ತರಗತಿಯಲ್ಲಿ ಈ ಶಬ್ದಗಳು ಬಂದಾಗ ಅರ್ಥವನ್ನು ಬರೆಯಿಸಿ ಬಿಡದೆ, ಆ ವಸ್ತು ಹೇಗಿದ್ದಿತು, ಅದನ್ನು ತುಂಬುತ್ತಿದ್ದವರು ಯಾರು, ತೆರೆಯುತ್ತಿದ್ದುದು ಯಾವಾಗ, ತೆರೆದಾಗ ಮೊದಲು ಯಾರಿಗೆ ಅಳೆಯುತ್ತಿದ್ದರು ಎಂಬುದನ್ನು ಮಕ್ಕಳು ತಮ್ಮ ಅಜ್ಜ ಅಜ್ಜಿಯರಿಂದ ಕೇಳಿಕೊಂಡು ಬರುವಂತೆ ಮಾಡಿದರೆ ದೊಡ್ಡ ಉಪಕಾರವಾಗುವುದು. ಕೊನೆಯ ಪ್ರಶ್ನೆಗೆ ಊರೂರಿನಿಂದ ಬರುವ ಉತ್ತರವು ಭಾಷಾಚರಿತ್ರೆಗೆ ಎಷ್ಟು ಬೇಕೋ ಮುಂದಿನ ವಿಪತ್ತಿನ ಸಿದ್ಧತೆಗೂ ಅಷ್ಟೇ ಬೇಕು.